ನಲವತ್ತೈದು ಇಟ್ಟಿದೀನಿ

ಲೇತಿನ ಬಾಯಿಂದ ಹೊರಟ ಉಕ್ಕಿನ ಸುರುಳಿ, ಕೂದಲಿನಷ್ಟು ಸಣ್ಣದು, ಚಪ್ಪಲಿಯ ಪಕ್ಕಕ್ಕೇ ಬಿದ್ದು, ಬಿದ್ದ ಮೇಲೂ ಒಂದು ಕ್ಷಣ ಸುತ್ತಿಕೊಳ್ಳುತ್ತಲೇ ಇದ್ದು, ಹೊಂಬಣ್ಣದಿಂದ ನೀಲಿಗೆ ತಿರುಗಿ ಸುಮ್ಮನಾಯಿತು — ಮುಟ್ಟಬಾರದು, ಇನ್ನೂ ಬಿಸಿ ಇರುತ್ತದೆ, ಯದುಗಿರಿ ಕಾಲನ್ನು ಸ್ಟೂಲಿನ ಕೆಳಗೆ ಎಳೆದುಕೊಂಡಳು, ಎಷ್ಟು ಹೊತ್ತಾಯಿತು ಇಲ್ಲಿ ಕೂತು, ಮೂರೂವರೆ ಇರಬೇಕು, ಅರಸೀಕೆರೆಯ ಈ ಬೀದಿಯಲ್ಲಿ ಏಪ್ರಿಲ್ಲಿನ ಬಿಸಿಲು ತಗಡಿನ ಮೇಲಿಂದ ಇಳಿದು ಅಂಗಡಿಯೊಳಗೇ ಬಂದು ಕೂರುತ್ತದೆ, ಪಕ್ಕದ ಮಂಡಿಯ ಕೊಬ್ಬರಿ ವಾಸನೆ, ಲೇತಿನ ಎಣ್ಣೆ ವಾಸನೆ, ಎರಡೂ ಬೆರೆತು ಯಾರೋ ಏನೋ ಹುರಿಯುತ್ತಿರುವ ಹಾಗೆ, ಬೆಳಗಿನಿಂದ ಏನೂ ತಿಂದಿಲ್ಲ ಅನ್ನುವುದು ಈಗ ನೆನಪಾಗುತ್ತಿದೆ, ಕರಿಬಸವಯ್ಯನವರು ಬಗ್ಗಿದ ಬೆನ್ನು ಎತ್ತದೆ ಹಿಡಿ ತಿರುಗಿಸುತ್ತಿದ್ದಾರೆ, ಎಪ್ಪತ್ತೆರಡು ವರ್ಷದ ಬೆನ್ನು, ಹಣೆಯ ವಿಭೂತಿಯ ಮೇಲೆ ಉಕ್ಕಿನ ಪುಡಿ ಕೂತು ಮಿನುಗುತ್ತಿದೆ, ತಾನು ಬಂದಾಗಿನಿಂದ ಅವರು ಆಡಿದ್ದು ಒಂದೇ ಮಾತು, ಕೊಡವ್ವಾ ಇಲ್ಲಿ ಉಂಗುರಾನ — ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ನಾನು ಹೇಳಿದ್ದೇನು ನೀನು ಅಂದಿದ್ದೇನು ಎಂದು ಎತ್ತಿ ಆಡಲೂ ಇಲ್ಲ, ಎರಡು ವರ್ಷದ ಮೇಲೆ ಹೀಗೆ ಬಂದು ನಿಂತವಳನ್ನು ನಿನ್ನೆ ತಾನೇ ಬಂದು ಹೋದವಳ ಹಾಗೆ ಸ್ಟೂಲು ಒರೆಸಿ ಕೂರಿಸಿದರು.

ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲ ಸರಿಯಾಗಿಯೇ ಇತ್ತು, ಹುಲಿಕೆರೆಯ ಪಂಪ್‌ಹೌಸಿನಲ್ಲಿ ಪಂಪು ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು, ಇಪ್ಪತ್ತಾರು ಹಳ್ಳಿಯ ಕುಡಿಯುವ ನೀರು, ಆ ನೀರಿನ ಯಂತ್ರಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ ಅವಳು ಹನ್ನೆರಡು ವರ್ಷದಿಂದ ಇಂಜಿನಿಯರು, ಮೊದಲ ಮೂರು ವರ್ಷ ಬಂದವರೆಲ್ಲ ಇಂಜಿನಿಯರ್ ಎಲ್ಲಿದಾರಮ್ಮಾ ಎಂದು ಅವಳನ್ನೇ ಕೇಳುತ್ತಿದ್ದರು — ಆಗ ಮ್ಯಾನೇಜರ್ ಮಧುಕುಮಾರನ ಫೋನು, ಮೇಡಂ, ಬೇಲೂರು ಪಂಪಿಗೆ ಹೊಸ ರಿಂಗ್ ಕೂರಿಸಿ ಆಯ್ತು, ಬೆಂಗಳೂರಲ್ಲಿ ಕಂಪ್ಯೂಟರ್ ಮೆಷಿನ್ನಲ್ಲಿ ಕಡೆಸಿದ್ದು, ನಿಮ್ಮ ಡ್ರಾಯಿಂಗ್ ಹೆಂಗಿದ್ಯೋ ಹಂಗೇ, ಹನ್ನೊಂದಕ್ಕೆ ಸ್ಟಾರ್ಟ್ ಮಾಡ್ತೀವಿ, ಹೆಡ್ ಆಫೀಸಿಂದ ಇಬ್ರು ಬರ್ತಾರೆ, ಹುಲಿಕೆರೆಯ ಸ್ಪೇರ್ ರಿಂಗ್ ತಗೊಂಡ್ ಬನ್ನಿ, ಅವ್ರಿಗೆ ತೋರ್ಸೋಣ. ಅವಳಿಗೆ ಖುಷಿಯಾಯಿತು, ಸುಳ್ಳು ಯಾಕೆ, ಖುಷಿಯೇ ಆಯಿತು, ಸ್ಟೋರಿನ ಮೇಲಟ್ಟದಿಂದ ಎರಡು ವರ್ಷದ ಧೂಳು ಕೊಡವಿ ಪೊಟ್ಟಣ ಇಳಿಸಿದಳು, ನ್ಯೂಸ್‌ಪೇಪರು, ಅದರೊಳಗೆ ಎಣ್ಣೆ ಹೀರಿದ ಇನ್ನೊಂದು ಪೇಪರು, ಅದರೊಳಗೆ ಕ್ಯಾಲೆಂಡರಿನ ಒಂದು ಹಾಳೆ, ಹಾಳೆಯ ಬೆನ್ನ ಮೇಲೆ ಬಡಗಿಗಳು ಬಳಸುವ ದಪ್ಪ ಪೆನ್ಸಿಲಿನಲ್ಲಿ ಕರಿಬಸವಯ್ಯನವರ ಅಕ್ಷರ, ಅವ್ವಾ ನೀನು ಹೇಳಿದ್ದು ೨೦, ನಾನು ೪೫ ಇಟ್ಟಿದೀನಿ, ಸ್ಟೀಲಿಗೆ ಸ್ಟೀಲು ಅಷ್ಟು ಬಿಗಿ ಆಗಕ್ಕಿಲ್ಲ, ಕೋಪ ಬಂದ್ರೆ ಬೈಯಿ, ಆದ್ರೆ ಇದನ್ನೇ ಹಾಕು. ಓದಿದಳು, ಮತ್ತೆ ಓದಿದಳು, ಕಿವಿಯಲ್ಲಿ ಪಂಪಿನ ಗುಂಯ್ ಮಾತ್ರ ಉಳಿಯಿತು, ಪೆಟ್ಟಿಗೆಯಿಂದ ಮೈಕ್ರೋಮೀಟರ್ ತೆಗೆದು ಒಳ ಉಂಗುರದ ಹೊರಮೈ ಅಳೆದಳು, ಹೊರ ಉಂಗುರದ ಒಳಮೈ ಅಳೆದಳು, ಕೈ ಒರೆಸಿ ಇನ್ನೊಮ್ಮೆ ಅಳೆದಳು, ಕಳೆದಳು, ಮಿಲ್ಲಿಮೀಟರಿನ ನೂರು ಪಾಲಿನಲ್ಲಿ ನಲವತ್ತೈದು, ಸರಿಯಾಗಿ ನಲವತ್ತೈದು. ಬಾಗಿಲಲ್ಲಿ ನಿಂತಿದ್ದ ಆಪರೇಟರ್ ಸಣ್ಣಯ್ಯ, ಏನ್ಮೇಡಂ ಮುಖ ಹಿಂಗಾಯ್ತು ಅಂದ, ಓಡ್ತಿರೋ ಪಂಪಲ್ಲಿ ಎಷ್ಟಿದೆ ಸಣ್ಣಯ್ಯ ಅಂದಳು, ಅದೂ ಅಷ್ಟೇ ಐತೆ, ಎರಡು ಜೊತೇನೂ ಒಂದೇ ದಿನ ಕಡೆದಿದ್ದಲ್ವಾ, ಅಯ್ನೋರೇ ನನ್ನ ಮುಂದೆ ಅಳತೆ ಹಿಡ್ದು ಕೂರ್ಸಿದ್ರು, ಮೇಡಮ್ಮು ಬಂದ್ಮೇಲೆ ಸ್ಪೇರ್ ಬಿಚ್ಚಿ ನೋಡ್ತಾರೆ ಬಿಡು, ಅದ್ರಾಗೆ ಬರ್ದಿದೀನಿ ಅಂದಿದ್ರು, ನೀವು ನೋಡೇ ಇರ್ತೀರ ಅನ್ಕಂಡೆ.

ನೋಡಿರಲಿಲ್ಲ, ಎರಡು ವರ್ಷ ನೋಡಿರಲಿಲ್ಲ, ಎರಡು ವರ್ಷ ಆ ಇಪ್ಪತ್ತನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದಳು — ಶಾಲು ಹೊದಿಸಿದ್ದರು, ಕನ್ನಡಿ ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟಿದ್ದರು, ಸಂದು ಕಡಿಮೆ ಮಾಡಿ ಕರೆಂಟು ಉಳಿಸಿದ ಇಂಜಿನಿಯರು, ಎಂಥ ಉಳಿತಾಯ, ಹಳೆಯ ಕಂಚಿನ ಉಂಗುರಗಳು ಮರಳಿಗೆ ಸವೆದು ಸವೆದು ಸಂದು ಒಂದೂಕಾಲು ಮಿಲ್ಲಿಮೀಟರಿಗೆ ಬಂದಿತ್ತು, ಯಾರು ಯಾವ ಹೊಸ ಉಂಗುರ ಹಾಕಿದ್ದರೂ ಕರೆಂಟು ಇಳಿಯುತ್ತಿತ್ತು. ಪಂಪಿನೊಳಗೆ ಶಾಫ್ಟಿನ ಮೇಲೆ ತಿರುಗುವ ಚಕ್ರಕ್ಕೊಂದು ಉಂಗುರ, ಸುತ್ತ ಅಲುಗದೆ ನಿಂತ ಕವಚಕ್ಕೊಂದು ಉಂಗುರ, ಒಂದರೊಳಗೊಂದು, ನಡುವೆ ಸಂದು, ಸಂದು ಹೆಚ್ಚಾದರೆ ಮೇಲೆ ಹೋಗಬೇಕಾದ ನೀರು ಹಿಂದಕ್ಕೆ ಸೋರುತ್ತದೆ, ತೀರ ಕಡಿಮೆಯಾದರೆ ಉಂಗುರಕ್ಕೆ ಉಂಗುರ ತಾಗುತ್ತದೆ, ಡಿಪ್ಲೊಮಾದ ಎರಡನೇ ವರ್ಷದ ಮಕ್ಕಳಿಗೂ ಗೊತ್ತು, ಎಷ್ಟು ಬಿಡಬೇಕು ಎಂಬುದಕ್ಕೆ ಪುಸ್ತಕದಲ್ಲಿ ಕೋಷ್ಟಕವಿದೆ, ಇಷ್ಟು ಅಗಲದ ಉಂಗುರಕ್ಕೆ ನಲವತ್ತೈದು, ಎರಡೂ ಒಂದೇ ಜಾತಿಯ ಉಕ್ಕಾದರೆ ಇನ್ನೊಂದಿಷ್ಟು ಸೇರಿಸು, ಅವಳಿಗೆ ಗೊತ್ತಿಲ್ಲದ್ದೇನಲ್ಲ, ಗೊತ್ತಿದ್ದೂ ಇಪ್ಪತ್ತು ಎಂದು ಬರೆದಳು, ಆ ಕೋಷ್ಟಕ ಹೆದರಿಕೆಯವರು ಬರೆದದ್ದು ಅನ್ನಿಸಿತ್ತು, ತನ್ನದೇ ಒಂದು ಲೆಕ್ಕ ಬೇಕಿತ್ತು, ತನ್ನ ಹೆಸರು ಹಿಡಿದು ಹೇಳುವ ಒಂದು ನಂಬರು ಬೇಕಿತ್ತು, ಇಂಜಿನಿಯರ್ ಎಲ್ಲಿದಾರಮ್ಮಾ ಎಂದು ಕೇಳಿದವರೆಲ್ಲರ ಬಾಯಿ ಮುಚ್ಚಿಸಲು. ಇದೇ ಅಂಗಡಿ, ಇದೇ ಸ್ಟೂಲಿನ ಪಕ್ಕ ನಿಂತು ಡ್ರಾಯಿಂಗ್ ಬಿಡಿಸಿದ್ದಳು, ಕರಿಬಸವಯ್ಯನವರು ಕನ್ನಡಕ ಹಾಕಿ ನೋಡಿ, ಇದು ಕಂಚಲ್ಲ ಕಣವ್ವಾ, ಕಂಚಾದ್ರೆ ತಾಗಿದ್ರೂ ತಾನು ಸವೆದು ದಾರಿ ಬಿಡ್ತದೆ, ಸ್ಟೀಲು ಸ್ಟೀಲು ತಾಗಿದ್ರೆ ಬೆಸುಗೆ ಹಾಕ್ದಂಗೆ ಕಚ್ಕತ್ತವೆ, ಅಂದರು, ಸಂದಲ್ಲಿ ಸೋರೋದು ದಂಡ ಅಂತೀಯಲ್ಲ, ಆ ನೀರೇ ಶಾಫ್ಟನ್ನ ಸುತ್ಲೂ ಒತ್ತಿ ನಡೂಕೆ ಹಿಡ್ಕಂಡಿರೋದು, ರೈಲ್ವೆ ಶೆಡ್ಡಾಗೆ ಇದ್ದಾಗ ನೋಡಿಲ್ವಾ ನಾನು ಅಂದರು, ಅವಳು ಏನಂದಳು, ನೆನಪು ಮಾಡಿಕೊಳ್ಳಲು ನಾಚಿಕೆ, ಡ್ರಾಯಿಂಗ್‌ನಲ್ಲಿ ಇರೋ ಹಾಗೆ ಮಾಡಿಕೊಡಿ ಸಾಕು, ಲೆಕ್ಕ ನಾನು ಮಾಡಿದೀನಿ, ಅಂದಳು, ಅಡುಗೆಮನೆಯಿಂದ ಅವರ ಹೆಂಡತಿ ಕಮಲಾಕ್ಷಮ್ಮ ಇಣುಕಿ ನೋಡುವಷ್ಟು ದನಿ ಏರಿತ್ತು. ಅಯ್ಯನವರು ಕನ್ನಡಕ ತೆಗೆದು ಮಡಿಸಿ, ಆಗ್ಲಿ, ಅಂದರು.

ಆಗ್ಲಿ ಅಂದವರು ಹಾಗೆ ಮಾಡಲಿಲ್ಲ, ಮಾಡದೆ ಉಳಿಸಿದರು — ಕಡೆಯುವ ಆ ವಾರವೇ ಅಪ್ಪ ಬಚ್ಚಲಲ್ಲಿ ಬಿದ್ದರು, ವಿಜಯಸಾರಥಿ ಮೇಷ್ಟ್ರು, ಬೇಲೂರಿನ ಅರ್ಧ ಊರಿಗೆ ಗಣಿತ ಹೇಳಿಕೊಟ್ಟವರು, ಸಂಜೆ ಗುಡಿಯ ಪ್ರಾಕಾರದಲ್ಲಿ ಕೂತು, ಬಂದ ಮಕ್ಕಳಿಗೆ ದೀಪಸ್ತಂಭದ ಬುಡದ ಒಂದು ಮೂಲೆಯಲ್ಲಿ ಕಾಗದ ತೂರಿಸಿ ತೋರಿಸುತ್ತಿದ್ದರು, ನೋಡ್ರೋ, ಅಂಟೇ ಇಲ್ಲ ನಿಂತೇ ಇದೆ ಅನ್ನುತ್ತಿದ್ದರು, ಅದಕ್ಕೂ ಇದಕ್ಕೂ ಏನು ಸಂಬಂಧ, ಏನೂ ಇಲ್ಲ, ಅಪ್ಪನ ಬೆರಳು ನೆನಪಾಯಿತು ಅಷ್ಟೆ, ಕಾಗದ ಹಿಡಿದ ಬೆರಳು, ಹಾಸನದ ಆಸ್ಪತ್ರೆಯ ಹಾಸಿಗೆಯಲ್ಲಿ ಕ್ಲಿಪ್ಪು ಸಿಕ್ಕಿಸಿದ್ದ ಅದೇ ಬೆರಳು, ಒಂಬತ್ತು ದಿನ, ಹೊರಗಿನ ಬೆಂಚಿನ ಮೇಲೆ ಅವಳು, ಆರನೆಯ ದಿನ ಮಧುಕುಮಾರನ ಮೆಸೇಜು, ಸಾರಿ ಮೇಡಂ, ಹುಲಿಕೆರೆ ರಿಪೋರ್ಟಲ್ಲಿ ಕ್ಲಿಯರೆನ್ಸ್ ಕಾಲಂ ಒಂದು ಖಾಲಿ ಇದೆ, ಅವಳು ಅಲ್ಲೇ ಕೂತು ಸಂದು ೦.೨೦ ಎಂದು ಒತ್ತಿ ಕಳಿಸಿದಳು, ಅಳೆಯದೆ, ನೋಡದೆ, ಸಹಿಯನ್ನೂ ಹಾಕಿದಳು. ಅದೇ ದಿನವಂತೆ, ಸಣ್ಣಯ್ಯ ಇವತ್ತು ಹೇಳಿದ, ಅದೇ ದಿನ ಅಯ್ಯನವರು ಉಂಗುರಗಳನ್ನು ಚೀಲದಲ್ಲಿ ಮಡಿಲಿಗಿಟ್ಟುಕೊಂಡು ಟೆಂಪೊದಲ್ಲಿ ಹುಲಿಕೆರೆಗೆ ಬಂದದ್ದು, ಕೆಲಸ ಅವರದಲ್ಲ, ಕಡೆದು ಕೊಟ್ಟರೆ ಅವರ ಪಾಲು ಮುಗಿಯಿತು, ಆ ಮಗು ಆಸ್ಪತ್ರೇಲಿ ಕುಂತೈತೆ, ಕೂರ್ಸೋದ್ರಾಗೆ ಏನಾರ ಹೆಚ್ಚುಕಮ್ಮಿ ಆದ್ರೆ ಅದರ ತಲೆಗೇ ಬತ್ತದೆ ಅಂದರಂತೆ, ಸಂಜೆವರೆಗೂ ನಿಂತು ತಾವೇ ಕೂರಿಸಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ ಹೋದರಂತೆ. ಅಪ್ಪ ಹೋದ ಮೇಲೆ ಬೇಲೂರಿನ ಮನೆಗೂ ಬಂದಿದ್ದರು, ಎಂಟು ಎಳನೀರು ತಂದಿದ್ದರು, ಜಗಲಿಯಲ್ಲಿ ಕೂತಿದ್ದರು, ಏನೋ ಹೇಳಲು ಬಾಯಿ ತೆರೆದ ಹಾಗಿತ್ತು, ಅವಳು ಅಳುತ್ತಿದ್ದಳು, ಅವರು ಬಾಯಿ ಮುಚ್ಚಿಕೊಂಡರು.

ಬೇಲೂರಿಗೆ ಇಪ್ಪತ್ತು ಕಿಲೋಮೀಟರು, ಸ್ಕೂಟರಿನ ಮುಂದೆ ಸ್ಪೇರ್ ಉಂಗುರದ ಪೊಟ್ಟಣ, ಎದೆಯೊಳಗೆ ಕ್ಯಾಲೆಂಡರಿನ ಹಾಳೆ, ಮಧುಕುಮಾರನ ಫೋನು ಮೂರು ಸಲವೂ ಬ್ಯುಸಿ, ಹಳೇಬೀಡು ದಾಟುವಾಗ ಟೂರಿಸ್ಟ್ ಬಸ್ಸುಗಳ ಸಾಲು, ಸೌತೆಕಾಯಿ ಕೊಯ್ಯುವವರು, ನಿಲ್ಲಿಸಿ ನೀರು ಕುಡಿಯಲೇ ಅನ್ನಿಸಿ ನಿಲ್ಲಿಸಲಿಲ್ಲ, ಬೆಂಗಳೂರಿನ ಆ ಮೆಷಿನ್ನು ಹೇಳಿದ ಮಾತು ಕೇಳುತ್ತದಲ್ಲ, ಇಪ್ಪತ್ತು ಅಂದರೆ ಇಪ್ಪತ್ತೇ ಕಡೆಯುತ್ತದೆ, ಅದಕ್ಕೆ ಹೆದರಿಕೆಯಿಲ್ಲ, ಆಸ್ಪತ್ರೆಯಲ್ಲಿ ಕೂತ ಮಗುವಿನ ನೆನಪಿಲ್ಲ, ಪಂಪು ಕಚ್ಚಿಕೊಂಡರೆ ಶಾಫ್ಟು ಬಾಗುತ್ತದೆ, ಹೊಸದು ಬರಲು ಮೂರು ವಾರ, ಏಪ್ರಿಲ್ಲಿನಲ್ಲಿ, ಬೇಲೂರು ಪಂಪನ್ನೇ ನಂಬಿದ ನಲವತ್ತು ಹಳ್ಳಿ — ಒಂದು ಸುಳ್ಳು ಸಿದ್ಧವಾಗುತ್ತಿತ್ತು ತಲೆಯಲ್ಲಿ, ತನ್ನಷ್ಟಕ್ಕೆ ತಾನೇ, ಉಕ್ಕು ಬೇರೆ ಜಾತಿಯದು ಬಂದಂತಿದೆ ಸರ್, ಹಾಗಾಗಿ ಈ ಪಂಪಿಗೆ ಸ್ವಲ್ಪ ಸಡಿಲ ಮಾಡೋಣ ಅನ್ನಬಹುದು, ಯಾರು ಕೇಳುತ್ತಾರೆ, ಶಾಲು ಉಳಿಯುತ್ತದೆ, ಪಂಪೂ ಉಳಿಯುತ್ತದೆ, ಕೆರೆ ಏರಿಯ ತಿರುವಿನಲ್ಲಿ ಆ ಸುಳ್ಳು ಎಷ್ಟು ಚೆನ್ನಾಗಿ ಕೂತಿತೆಂದರೆ ಅವಳಿಗೆ ಹಗುರವೇ ಆಯಿತು, ಆದರೆ ಇಪ್ಪತ್ತು ಕಾಗದದ ಮೇಲೆ ಉಳಿಯುತ್ತದೆ, ತನ್ನ ಸಹಿಯ ಮೇಲೆ, ಮುಂದೆ ಯಾರೋ ಯಾವ ಊರಿನಲ್ಲೋ ಅದನ್ನು ನೋಡಿ ಕಡೆಸುತ್ತಾರೆ.

ಹತ್ತೂ ಮುಕ್ಕಾಲು, ಪಂಪಿನ ಸುತ್ತ ರಂಗೋಲಿ ಬೇರೆ ಹಾಕಿದ್ದರು, ಹೆಡ್ ಆಫೀಸಿನ ಇಬ್ಬರು, ಮೂವರು ಫಿಟ್ಟರುಗಳು, ಮಧುಕುಮಾರ ಇಸ್ತ್ರಿ ಅಂಗಿಯಲ್ಲಿ, ಬನ್ನಿ ಮೇಡಂ ನಿಮ್ಮ ಕೈಯಿಂದಲೇ ಸ್ವಿಚ್ಚು ಅಂದ, ಅವಳು ಸ್ವಿಚ್ಚಿನ ಕಡೆ ಹೋಗದೆ ಮೋಟರಿಗೂ ಪಂಪಿನ ಶಾಫ್ಟಿಗೂ ನಡುವಿನ ಕಪ್ಲಿಂಗಿಗೆ ಕೈ ಹಾಕಿದಳು, ಅರ್ಧ ಸುತ್ತು ಸಲೀಸು, ಆಮೇಲೆ ಎಲ್ಲೋ ಒಂದು ಕಡೆ ಉಸಿರು ಕಟ್ಟಿದ ಹಾಗೆ, ತಳ್ಳಿದರೆ ಕಿರ್ ಎಂದು ದಾಟುತ್ತದೆ, ಮತ್ತೆ ಅಲ್ಲಿಗೇ ಬಂದರೆ ಮತ್ತೆ, ಹೊಸದಲ್ವಾ ಮೇಡಂ, ಓಡಿದ್ರೆ ಸರಿಹೋಗ್ತದೆ ಅಂದ ಒಬ್ಬ ಫಿಟ್ಟರು, ಸುಳ್ಳು ನಾಲಗೆಯ ತುದಿಯಲ್ಲಿತ್ತು, ಅವಳ ಬಾಯಿಂದ ಬಂದದ್ದು ಬೇರೆ, ಓಡಿಸಬೇಡಿ, ಇಪ್ಪತ್ತು ಅನ್ನೋ ನಂಬರು ಇವತ್ತಿನವರೆಗೆ ಎಲ್ಲೂ ಓಡಿಲ್ಲ ಸರ್, ಹುಲಿಕೆರೆಯಲ್ಲಿ ಓಡ್ತಿರೋದು ನಲವತ್ತೈದು, ಕಡೆದವರು ನನ್ನ ತಪ್ಪು ತಿದ್ದಿ ಕಡೆದಿದ್ರು, ನಾನು ಅಳೆಯದೆ ಸಹಿ ಹಾಕಿದೆ. ಹೇಳಿ ಹಾಳೆ ತೆಗೆದು ಕೊಟ್ಟಳು, ಹೆಡ್ ಆಫೀಸಿನವರಲ್ಲಿ ಹಿರಿಯರು ಆ ಪೆನ್ಸಿಲ್ ಅಕ್ಷರವನ್ನು ಬಹಳ ಹೊತ್ತು ನೋಡಿದರು, ಬಿಚ್ಚಿ ಅಂದರು, ಒಂದೂವರೆ ಗಂಟೆಯಲ್ಲಿ ಮುಚ್ಚಳ ಎತ್ತಿ ಹೊರ ಉಂಗುರ ತೆಗೆದರೆ ಒಳಮೈಯಲ್ಲಿ ಉಗುರಿನಷ್ಟು ಜಾಗ ಹೊಳೆಯುತ್ತಿತ್ತು, ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದ್ದಕ್ಕೇ ಉಕ್ಕು ಉಕ್ಕನ್ನು ಕೆರೆದಿತ್ತು, ಬೆರಳಿಟ್ಟರೆ ಚುಚ್ಚುವ ಹಾಗೆ. ಹಿರಿಯರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು, ತನ್ನ ಹೆಸರು ಬರೆದುಕೊಳ್ಳುತ್ತಾರೆ ಎಂದುಕೊಂಡಳು, ಆ ಟರ್ನರ್ ಹೆಸರೇನಮ್ಮಾ ಅಂದರು, ಕರಿಬಸವಯ್ಯ ಸರ್, ಅರಸೀಕೆರೆ, ಅವರು ಬರೆದುಕೊಂಡರು, ಕೆಳಗೊಂದು ಗೆರೆ ಎಳೆದರು, ಹಳೇ ರಿಪೋರ್ಟು ತಿದ್ದಿ ಕಳಿಸಿ, ಕಾರಣವನ್ನೂ ಬರೀರಿ, ಮುಚ್ಚಬೇಡಿ ಅಂದರು, ಅಷ್ಟೆ, ಅಷ್ಟೇ ಅಂದದ್ದು.

ಜೀಪಿನಲ್ಲಿ ಮಧುಕುಮಾರನೇ ಅರಸೀಕೆರೆಗೆ ಕರೆತಂದ, ಬಾಣಾವರದ ರೈಲ್ವೆ ಗೇಟಿನಲ್ಲಿ ಕಾಯುತ್ತಾ ನಿಂತಾಗ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಾ, ಎಲ್ರ ಮುಂದೆ ಯಾಕ್ ಹೇಳಿದ್ರಿ ಮೇಡಂ, ನಂಗೊಬ್ನಿಗೆ ಹೇಳ್ಬೋದಿತ್ತಲ್ಲ ಅಂದ, ಬೋಗಿಗಳು ಹೋದವು ಹೋದವು, ಆಮೇಲೆ ಅವನೇ, ಖಾಲಿ ಕಾಲಂ ಇದೆ ಅಂತ ಆಸ್ಪತ್ರೇಗೆ ಮೆಸೇಜ್ ಮಾಡಿದ್ದು ನಾನು ಅಂದ, ಗೇರು ಹಾಕಿದ, ನಿಮ್ಮ ತಂದೆ ಹಂಗಿದ್ದಾಗ. ಅದು ಅವನ ಕ್ಷಮೆ ಕೇಳುವ ರೀತಿ ಇರಬಹುದು, ಒಳ್ಳೆಯವನು, ಇವತ್ತು ಯಾರನ್ನು ನೆನೆದರೂ ಒಳ್ಳೆಯವರಾಗಿಯೇ ಕಾಣುತ್ತಿದ್ದಾರೆ, ಸಣ್ಣಯ್ಯ ಬೆಳಿಗ್ಗೆ ಸ್ಕೂಟರು ಹತ್ತುವಾಗ ಓಡಿ ಬಂದು ನೀರಿನ ಬಾಟಲಿ ಕೊಟ್ಟಿದ್ದ, ಹಿರಿಯರು ಗೆರೆ ಎಳೆದ ಆ ಪೆನ್ನು, ಈಗ ಕಮಲಾಕ್ಷಮ್ಮ ಒಳಗಿಂದ ಬಂದು ಸ್ಟೀಲಿನ ಲೋಟ ಕೈಗಿಡುತ್ತಿದ್ದಾರೆ, ಮಜ್ಜಿಗೆ ಕುಡಿಯೇ, ಮುಖ ಎಷ್ಟು ಬಾಡೈತೆ ನೋಡು, ಒಂದ್ ಗಳಿಗೆ ತಾಳು, ಅಕ್ಕಿರೊಟ್ಟಿ ತಟ್ಟುತೀನಿ, ಇಂಗು ಕರಿಬೇವು ಶುಂಠಿ, ಗಂಟಲಿನಲ್ಲಿ ಇಳಿಯುವಾಗ ಕಣ್ಣಿಗೆ ನೀರು ಬಂತು, ಖಾರಕ್ಕೆ ಅನ್ನಬಹುದು — ನಾನು ಕೂಗಾಡಿದ್ದೆ ಅಯ್ನೋರೇ ಅವತ್ತು, ಕೊನೆಗೂ ಹೇಳಿದಳು, ಲೇತಿನ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ, ಕೇಳಿಸಿತ್ತು, ತಲೆ ಎತ್ತದೆ, ಕೂಗಾಡ್ದೆ ಹ್ಞೂಂ, ನಾನು ಶೆಡ್ಡಾಗೆ ಹುಡುಗ್ನಾಗಿದ್ದಾಗ ನಮ್ಮ ಮೇಸ್ತ್ರಿ ಮ್ಯಾಲೆ ಸ್ಪ್ಯಾನರೇ ಎಸ್ದಿದ್ದೆ, ಅಂದರು, ಆಯಪ್ಪ ನನ್ನ ತಪ್ಪ ತಾನು ತಿದ್ದಿ ಸುಮ್ನಿದ್ದ, ನಂಗೆ ಗೊತ್ತಾಗೋ ಹೊತ್ಗೆ ಆಯಪ್ಪ ಇರ್ಲಿಲ್ಲ, ನೀನು ಬಂದೆ, ನಾನಿನ್ನೂ ಇವ್ನಿ, ಸಾಕಲ್ವಾ.

ನಿಲ್ದಾಣದ ಕಡೆಯಿಂದ ಗೂಡ್ಸ್ ಗಾಡಿಯ ಗಡಗಡ, ನೆಲ ಸಣ್ಣಗೆ ನಡುಗಿತು, ಅಯ್ಯನವರು ಕೂಡಲೇ ಉಳಿ ಹಿಂದಕ್ಕೆಳೆದು ಲೇತು ನಿಲ್ಲಿಸಿದರು, ರೈಲು ಹೋಗೋಗಂಟ ಕಡೀಬಾರ್ದು, ನಡುಕ ಉಂಗುರಕ್ಕೆ ಹತ್ತುತದೆ, ಐವತ್ತು ಬೋಗಿ ಇರಬೇಕು, ಗಾಡಿ ಹೋದ ಮೇಲೆ ಅವರು ಒಳಮೈ ಅಳೆದು, ಕೆರೆದ ಗುರುತೆಲ್ಲಾ ಹೋಯ್ತು, ಈಗ ಮೂವತ್ತೈತೆ ಸಂದು, ಅಂದರು, ಕನ್ನಡಕ ಹಣೆಗೇರಿಸಿ ಅವಳ ಕಡೆ ತಿರುಗಿದರು, ಎಷ್ಟಿಡ್ಲಿ ಹೇಳವ್ವಾ, ಅದೇ ನಲವತ್ತೈದಾ? ಅವರು ಕೇಳುತ್ತಿದ್ದಾರೆ, ಪರೀಕ್ಷೆಯಲ್ಲ, ನಿಜಕ್ಕೂ ಕೇಳುತ್ತಿದ್ದಾರೆ, ಹೂಂ ಅಂದುಬಿಡುವುದು ಸುಲಭ, ಅವರು ಹೇಳಿದಷ್ಟೇ ಎಂದು ತಲೆಬಾಗಿ, ಆದರೆ ಈ ಪಂಪಿನ ಶಾಫ್ಟು ಹುಲಿಕೆರೆಯದಕ್ಕಿಂತ ಒಂದಡಿ ಉದ್ದ, ತನ್ನ ಭಾರಕ್ಕೇ ನಡುವೆ ಜಗ್ಗುತ್ತದೆ, ಸ್ಟಾರ್ಟ್ ಆಗುವಾಗ ಇನ್ನೂ ಬಾಗುತ್ತದೆ, ಎರಡೂ ಒಂದೇ ಉಕ್ಕು, ಕೋಷ್ಟಕದ ನಲವತ್ತೈದರ ಮೇಲೆ ಹದಿಮೂರು, ಹೆದರಿಕೆಯವರು ಬರೆದದ್ದಲ್ಲ ಅದು, ಕಚ್ಚಿಕೊಂಡ ಎಷ್ಟೋ ಪಂಪುಗಳ ಪಕ್ಕ ನಿಂತವರು ಬರೆದದ್ದು, ಬೇಡ ಅಯ್ನೋರೇ, ಇದಕ್ಕೆ ಐವತ್ತೆಂಟು ಇಡಿ, ಅಂದಳು, ಯಾಕೆ ಎಂದರು, ಹೇಳಿದಳು, ಶಾಫ್ಟಿನ ಉದ್ದ, ಉಕ್ಕು, ಬಾಗು, ಸೋರ್ತದಲ್ಲವ್ವಾ ಅಷ್ಟಿಟ್ರೆ ಅಂದರು, ಸ್ವಲ್ಪ ಸೋರ್ಲಿ, ಎಷ್ಟು ಸೋರುತ್ತೆ ಅಂತಾನೂ ಲೆಕ್ಕ ಹಾಕಿದೀನಿ, ತಡಕೋಬಹುದು. ಅಯ್ಯನವರು ಅವಳ ಮುಖ ನೋಡಿ, ಈಗ ಹೇಳ್ದೆ ನೋಡು, ಅಂದರು, ಕನ್ನಡಕ ಇಳಿಸಿ ಲೇತಿಗೆ ಬಗ್ಗಿದರು.

ಕೊನೆಯ ಕಡೆತಕ್ಕೆ ಸುರುಳಿಯೂ ಬೀಳುವುದಿಲ್ಲ, ಬೂದಿಯಂಥ ಪುಡಿ ಅಷ್ಟೆ, ಎರಡನೆಯ ಉಂಗುರವೂ, ಬೇಲೂರು ಪಂಪಿನ ಸ್ಪೇರು, ಮುಗಿದಾಗ ಬಾಗಿಲ ಬಿಸಿಲು ಹಳದಿಗೆ ತಿರುಗಿತ್ತು, ಮಧುಕುಮಾರ ಬೀದಿಯಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದಾನೆ, ಟ್ಯಾಂಕಿನಲ್ಲಿ ನಾಳೆ ಮಧ್ಯಾಹ್ನದವರೆಗೆ ನೀರಿದೆ, ಬೆಳಿಗ್ಗೆ ಎಂಟಕ್ಕೆ ಪಂಪ್ ಶುರು ಆಗ್ತದೆ, ಹೌದು, ಖಂಡಿತ — ಅಳಿ, ಅಂದರು ಅಯ್ಯನವರು, ಮೈಕ್ರೋಮೀಟರ್ ಅವಳ ಕೈಗಿಟ್ಟರು, ನಾನು ಅಳ್ದಿದ್ದು ಸಾಲದು, ನೀನು ಅಳಿ, ಅವಳು ಅಳೆದಳು, ಮೂರು ಕಡೆ, ತಿರುಗಿಸಿ ಮತ್ತೆ ಮೂರು ಕಡೆ, ಐವತ್ತೆಂಟು, ಐವತ್ತೆಂಟು, ಒಂದು ಕಡೆ ಐವತ್ತೊಂಬತ್ತು, ಬರೆದುಕೊಂಡಳು, ಕಡೆದವರು ಎಂಬಲ್ಲಿ ಅವರ ಹೆಸರನ್ನು ಪೂರ್ತಿ ಬರೆದಳು, ತಲೆ ಎತ್ತಿದಾಗ ಅವರು ಆ ಸ್ಪೇರಿನ ಜೊತೆ ಬಂದಿದ್ದ ಅದೇ ಅಳತೆಯ ಒಳ ಉಂಗುರವನ್ನು ಹೊರ ಉಂಗುರದೊಳಗೆ ಇಳಿಸಿ, ಸಂದಿನಲ್ಲಿ ಮೂರು ಕಡೆ ತೆಳ್ಳನೆಯ ತಗಡಿನ ಚೂರು ಸಿಕ್ಕಿಸಿ, ಎರಡೂ ಅಂಗೈ ನಡುವೆ ಹಿಡಿದು ಬಾಗಿಲಿನ ಕಡೆ ಎತ್ತಿದ್ದರು, ಬಾ ಇಲ್ಲಿ, ಒಂದು ಕಣ್ಣು ಮುಚ್ಕಂಡು ನೋಡು, ಅವಳು ಅವರ ಹೆಗಲ ಪಕ್ಕ ಬಗ್ಗಿ ನೋಡಿದಳು, ಕಪ್ಪಾಗಿ ಕಾಣುವ ಎರಡು ಉಂಗುರ, ಅವುಗಳ ನಡುವೆ ಎಳೆಯಷ್ಟು ಬೆಳಕು, ನಾಳೆ ಇಲ್ಲಿ ನೀರಿರುತ್ತದೆ, ರಿಪೋರ್ಟು, ಶಾಲು ವಾಪಸ್ಸು ಕೊಡಬೇಕೋ ಏನೋ, ಕೊಡಲಿ, ಬೆಳಕು, ಅಯ್ನೋರೇ ನಿಮಗೆ ನಾನು — ಏನೆನ್ನಬೇಕು, ಅಯ್ಯನವರು ಕೈ ಒಂದಿಷ್ಟು ತಿರುಗಿಸಿದರು, ಬೆಳಕಿನ ಎಳೆ ಮಾಯವಾಗಿ ಮತ್ತೆ ಬಂತು, ತಗಡಿನ ಮೂರು ಚುಕ್ಕೆ ಬಿಟ್ಟರೆ ಸುತ್ತಲೂ, ಒಂದೇ ದಪ್ಪ, ಎಲ್ಲೂ ತಾಗದೆ, ಬೆಳಕು —